ಹಳೆಯ ಟ್ಯಾಂಕು, ಉಳಿದ ಎಣ್ಣೆ ಮತ್ತು ನಮ್ಮ ಹೊಣೆ
(ರಾಮನಗರದಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

 



ಕಳೆದ ವಾರ ಇಶಾ ನಮಾಝಿನ ನಂತರ ಯುವಕನೊಬ್ಬ ನನ್ನ ಬಳಿ ಬಂದು ಕುಳಿತ. ಅವನ ಮನೆಯವರದು ರೇಷ್ಮೆ ನೂಲು ಬಿಚ್ಚುವ ಕೆಲಸ. ಶೆಡ್ಡಿಗೆ ಹೊಸ ಯಂತ್ರ ಬಂದಿದೆ, ಹಳೆಯ ಜನರೇಟರ್ ಕೆಟ್ಟು ಮೂಲೆ ಸೇರಿದೆ. ಅದರ ಪಕ್ಕದ ಡೀಸೆಲ್ ಟ್ಯಾಂಕ್ ತಳದಲ್ಲಿ ತುಕ್ಕು ಹಿಡಿದಿದೆ, ಒಳಗೆ ಸುಮಾರು 40 ಲೀಟರ್ ಹಳೆಯ ಡೀಸೆಲ್ ಉಳಿದಿದೆ. ಇದರ ಜೊತೆಗೆ ಇಂಜಿನ್ನಿನಿಂದ ತೆಗೆದ ಕಪ್ಪು ಆಯಿಲ್ ಎರಡು ಕ್ಯಾನ್. ಗುಜರಿಯವನು ಟ್ಯಾಂಕಿಗೆ ಕೆ.ಜಿ. ಲೆಕ್ಕದಲ್ಲಿ ದರ ಹೇಳಿ ಹೋಗಿದ್ದಾನೆ, ಎಣ್ಣೆ ತನಗೆ ಬೇಡ ಅಂದಿದ್ದಾನೆ. "ಹಝ್ರತ್, ಎಣ್ಣೆಯನ್ನು ಮೋರಿಗೆ ಬಿಡೋಣ ಅಂತ ಅಣ್ಣ ಹೇಳ್ತಾರೆ. ಬಿಡಬಹುದಾ?" ಎಂದು ಕೇಳಿದ.

ನಿಜ ಹೇಳಬೇಕೆಂದರೆ ನನಗೆ ನಗು ಬಂತು. ತಲಾಖ್, ವಿರಾಸತ್, ಝಕಾತ್ ಬಗ್ಗೆ ಕೇಳುವವರಿದ್ದಾರೆ, ಇವನು ಡೀಸೆಲ್ ಬಗ್ಗೆ ಕೇಳುತ್ತಾನಲ್ಲ ಎನಿಸಿತು. "ಇದನ್ನು ಮೆಕ್ಯಾನಿಕ್ಕನ್ನು ಕೇಳಪ್ಪ" ಎಂದು ಕಳುಹಿಸಿಬಿಟ್ಟೆ. ಆದರೆ ಮನೆಗೆ ಹೋದ ಮೇಲೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಅವನು ಕೇಳಿದ್ದು ದೀನಿನ ಪ್ರಶ್ನೆಯೇ ಆಗಿತ್ತು, ಅದನ್ನು ಗುರುತಿಸಲು ತಪ್ಪಿದವನು ನಾನು. ಅವನಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಂದು ನಿಮ್ಮೆಲ್ಲರ ಮುಂದೆ ಕೊಡುತ್ತಿದ್ದೇನೆ.

ಚಳಿ ದೇಶಗಳಲ್ಲಿ, ಬ್ರಿಟನ್ನಿನ ಹಳ್ಳಿಗಳಲ್ಲಿ, ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ, ಮನೆ ಬೆಚ್ಚಗಿಡಲು ಎಣ್ಣೆ ಉರಿಸುವವರಿದ್ದಾರೆ. ಹಿತ್ತಲಲ್ಲೋ ನೆಲಮಾಳಿಗೆಯಲ್ಲೋ ದೊಡ್ಡ ಟ್ಯಾಂಕ್ ಇರುತ್ತದೆ. ಬೇರೆ ವ್ಯವಸ್ಥೆ ಬಂದಾಗ ಉಳಿದ ಎಣ್ಣೆ ಮತ್ತು ಹಳೆಯ ಟ್ಯಾಂಕನ್ನು ಏನು ಮಾಡುವುದೆಂಬುದು ಅಲ್ಲಿನವರಿಗೆ ತಲೆನೋವು. ನಮ್ಮ ರಾಮನಗರದಲ್ಲಿ ಮನೆ ಬೆಚ್ಚಗಿಡುವ ಕಷ್ಟ ಅಲ್ಲಾಹನ ಕೃಪೆಯಿಂದ ಇಲ್ಲ. ಆದರೆ ಎಣ್ಣೆ ಇದೆ. ರೀಲಿಂಗ್ ಶೆಡ್ಡುಗಳ ಜನರೇಟರ್, ಶಾದಿ ಮಹಲುಗಳ ಜನರೇಟರ್, ಮೈಸೂರು ರಸ್ತೆಯುದ್ದಕ್ಕೂ ಗ್ಯಾರೇಜು, ಮಾಗಡಿ ಕನಕಪುರಗಳಲ್ಲಿ ಟ್ರ್ಯಾಕ್ಟರು, ಬೋರ್‌ವೆಲ್ ಲಾರಿ. ಇನ್ನು ಮನೆಗಳ ಅಟ್ಟದ ಮೇಲೆ ರೇಷನ್ ಕಾಲದ ನೀಲಿ ಸೀಮೆಎಣ್ಣೆಯ ಕ್ಯಾನ್ ಇವತ್ತಿಗೂ ಕುಳಿತಿರುತ್ತದೆ. ಗ್ಯಾಸ್ ಬಂತು, ಸ್ಟೌ ಹೋಯಿತು, ಕ್ಯಾನ್ ಮಾತ್ರ ಹೋಗಲಿಲ್ಲ.

ಸಹೋದರರೇ, ಕೆಟ್ಟುಹೋದ ಎಣ್ಣೆಯನ್ನು ಏನು ಮಾಡಬೇಕೆಂಬುದು ನಮ್ಮ ಫಿಕ್ಹ್‌ಗೆ ಹೊಸ ಪ್ರಶ್ನೆಯಲ್ಲ. ತುಪ್ಪದಲ್ಲಿ ಇಲಿ ಬಿದ್ದರೆ ಏನು ಮಾಡಬೇಕೆಂದು ಪ್ರವಾದಿ(ಸ)ರನ್ನು ಕೇಳಲಾಗಿತ್ತು. ಇಲಿಯನ್ನೂ ಅದರ ಸುತ್ತಲಿನ ತುಪ್ಪವನ್ನೂ ತೆಗೆದುಹಾಕಿ, ಉಳಿದುದನ್ನು ಬಳಸಿರಿ ಎಂಬ ಅರ್ಥದ ಉತ್ತರ ಕೊಟ್ಟರು. ಹ. ಮೈಮೂನಾ(ರ)ರಿಂದ ವರದಿಯಾದ ಈ ಹದೀಸ್ ಸಹೀಹ್ ಬುಖಾರಿಯಲ್ಲಿದೆ. ಕೆಟ್ಟದ್ದು ಎಷ್ಟೋ ಅಷ್ಟನ್ನು ಬೇರ್ಪಡಿಸು, ಒಳ್ಳೆಯದನ್ನು ವ್ಯರ್ಥ ಮಾಡಬೇಡ. ಆದರೆ ಎಣ್ಣೆ ನೀರಿನಂತೆ ಹರಿಯುವಂಥದ್ದಾಗಿದ್ದು, ಅದರಲ್ಲಿ ಹೊಲಸು ಬೆರೆತುಹೋದರೆ? ಇದರ ಬಗ್ಗೆ ಫುಕಹಾಗಳು ಬಹಳ ಚರ್ಚಿಸಿದ್ದಾರೆ. ನಮ್ಮ ಹನಫಿ ಉಲಮಾಗಳು ಹೇಳಿದ್ದು: ಅಂಥ ಎಣ್ಣೆಯನ್ನು ತಿನ್ನುವಂತಿಲ್ಲ, ಆದರೆ ಮಸೀದಿಯ ಹೊರಗೆ ದೀಪಕ್ಕೆ ಬಳಸಬಹುದು. ಮಾರಲೂಬಹುದು, ಆದರೆ ಅದರ ದೋಷವನ್ನು ಕೊಳ್ಳುವವನಿಗೆ ತಿಳಿಸಬೇಕು. ಈ ಕೊನೆಯ ಮಾತನ್ನು ನೆನಪಿಡಿ, ಮತ್ತೆ ಇದಕ್ಕೇ ಬರುತ್ತೇನೆ.

ಡೀಸೆಲ್, ಸೀಮೆಎಣ್ಣೆಗಳು ನಜಿಸ್ ಅಲ್ಲ. ಅವು ನೆಲದೊಳಗಿಂದ ಬಂದ ವಸ್ತು. ಆದರೂ ಸೀಮೆಎಣ್ಣೆ ಹೊಸದಾಗಿ ಬಂದ ಕಾಲದಲ್ಲಿ, ಅದರ ದೀಪವನ್ನು ಮಸೀದಿಯೊಳಗೆ ಹಚ್ಚುವುದನ್ನು ನಮ್ಮ ಹಿಂದೂಸ್ತಾನದ ಉಲಮಾಗಳು ಮಕ್ರೂಹ್ ಎಂದರು. ಕಾರಣ ವಾಸನೆ. ಪಕ್ಕದಲ್ಲಿ ನಿಂತವನಿಗೆ ತೊಂದರೆಯಾಗಬಾರದು, ಅಷ್ಟೇ. ವಾಸನೆಯ ತೊಂದರೆಗೇ ಇಷ್ಟು ಯೋಚಿಸಿದ ದೀನಿನವರು ನಾವು.

ಈಗ ಆ ಅಣ್ಣನ ಸಲಹೆಗೆ ಬರೋಣ. ಮೋರಿಗೆ ಬಿಟ್ಟರೆ ಎಣ್ಣೆ ಎಲ್ಲಿಗೆ ಹೋಗುತ್ತದೆ? ನಮ್ಮ ಊರಿನ ಮೋರಿಗಳು ಅರ್ಕಾವತಿಯ ಕಡೆಗೆ ಹರಿಯುತ್ತವೆ. ಈ ನದಿ ನಂದಿ ಬೆಟ್ಟದಲ್ಲಿ ಹುಟ್ಟಿ, ತಿಪ್ಪಗೊಂಡನಹಳ್ಳಿ ದಾಟಿ, ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ನಿಂತು, ನಮ್ಮ ಊರಿಗೆ ಬಂದು, ಕನಕಪುರ ದಾಟಿ ಸಂಗಮದಲ್ಲಿ ಕಾವೇರಿ ಸೇರುತ್ತದೆ. ದಾರಿಯಲ್ಲಿ ಬೆಂಗಳೂರಿನ ಕೊಳಕನ್ನೆಲ್ಲ ಹೊತ್ತ ವೃಷಭಾವತಿಯೂ ಇದಕ್ಕೇ ಬಂದು ಬೀಳುತ್ತದೆ. "ಬೆಂಗಳೂರಿನವರು ಅಷ್ಟೊಂದು ಬಿಡುವಾಗ ನಮ್ಮ 40 ಲೀಟರ್ ಯಾವ ಲೆಕ್ಕ?" ಎಂದು ನೀವು ಕೇಳಬಹುದು. ನನಗೂ ಈ ಮಾತು ಬಹಳ ಜನ ಹೇಳಿದ್ದಾರೆ. ಕಿಯಾಮತ್ ದಿನ ಬೆಂಗಳೂರಿನವರ ಲೆಕ್ಕವನ್ನು ಬೆಂಗಳೂರಿನವರಿಂದ ಕೇಳಲಾಗುತ್ತದೆ, ನಮ್ಮದನ್ನು ನಮ್ಮಿಂದ. ಅಲ್ಲದೆ ನಾವೂ ಸುಮ್ಮನಿದ್ದವರಲ್ಲ. ನೂಲು ಬಿಚ್ಚಿದ ಬಿಸಿ ನೀರನ್ನು ವರ್ಷಗಟ್ಟಲೆ ಇದೇ ಮೋರಿಗೆ ಬಿಟ್ಟವರು ನಾವೇ. ಆ ವಾಸನೆ ನಮ್ಮ ಬೀದಿಗಳ ಗುರುತೇ ಆಗಿಹೋಗಿದೆ.

ಎಣ್ಣೆಯ ವಿಷಯ ಇನ್ನೂ ಗಂಭೀರ. ಅದು ನೀರಿನಲ್ಲಿ ಕರಗುವುದಿಲ್ಲ, ತೆಳ್ಳಗೆ ಪದರವಾಗಿ ಹರಡುತ್ತದೆ. ಒಂದು ಗ್ಯಾಲನ್, ಅಂದರೆ ನಾಲ್ಕು ಲೀಟರಿಗೂ ಕಡಿಮೆ ಬಳಸಿದ ಇಂಜಿನ್ ಆಯಿಲ್, ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಇಲಾಖೆ ಜನರಿಗೆ ಎಚ್ಚರಿಕೆ ಕೊಡುತ್ತದೆ. ನೆಲಕ್ಕೆ ಸುರಿದರೂ ಅಷ್ಟೆ. ನಮ್ಮದು ಬಂಡೆಯ ನಾಡು. ನಮ್ಮ ಬೋರ್‌ವೆಲ್ಲಿನ ನೀರು ಬಂಡೆಯ ಬಿರುಕುಗಳಲ್ಲಿ ಇರುವಂಥದ್ದು. ಬಿರುಕಿಗೆ ಇಳಿದ ಎಣ್ಣೆಯನ್ನು ತೊಳೆದು ತೆಗೆಯುವ ಯಂತ್ರ ಯಾವ ಮನೆಯಲ್ಲೂ ಇಲ್ಲ.

ಬುಖಾರಿಯಲ್ಲಿ ಹ. ನುಅಮಾನ್ ಬಿನ್ ಬಶೀರ್(ರ)ರಿಂದ ವರದಿಯಾದ ಹಡಗಿನ ಉದಾಹರಣೆ ನಿಮಗೆ ಗೊತ್ತಿದೆ. ಕೆಳ ಅಂತಸ್ತಿನವರು ನೀರಿಗಾಗಿ ಪ್ರತಿಸಲ ಮೇಲಿನವರನ್ನು ದಾಟಿ ಹೋಗಬೇಕಾಗಿತ್ತು. ಅವರಿಗೆ ತೊಂದರೆ ಕೊಡುವುದೇಕೆ, ನಮ್ಮ ಪಾಲಿನ ಜಾಗದಲ್ಲೇ ಒಂದು ತೂತು ಕೊರೆದುಕೊಳ್ಳೋಣ ಅಂದುಕೊಂಡರು. ಅವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ, ಗಮನಿಸಿ. ಆದರೂ ಅವರ ಕೈ ಹಿಡಿಯದಿದ್ದರೆ ಎಲ್ಲರೂ ಮುಳುಗುತ್ತಾರೆ ಎಂದು ಪ್ರವಾದಿ(ಸ) ಎಚ್ಚರಿಸಿದರು. ನನ್ನ ಶೆಡ್ಡು, ನನ್ನ ಹಿತ್ತಲು, ನನ್ನ ಎಣ್ಣೆ ಎನ್ನುವವನು ಕೊರೆಯುತ್ತಿರುವುದು ಇದೇ ತೂತನ್ನು. ಮದೀನಾದಲ್ಲಿ ಹ. ಉಸ್ಮಾನ್(ರ) ರೂಮಾ ಬಾವಿಯನ್ನು ಹಣ ಕೊಟ್ಟು ಕೊಂಡು ಜನರಿಗಾಗಿ ವಕ್ಫ್ ಮಾಡಿದರು. ಬಾವಿ ಕೊಂಡು ಕೊಡುವಷ್ಟು ಶಕ್ತಿ ನಮಗಿಲ್ಲದಿರಬಹುದು. ಇದ್ದ ಬಾವಿಗೆ ಎಣ್ಣೆ ಸುರಿಯದಿರುವ ಶಕ್ತಿಯಂತೂ ಎಲ್ಲರಿಗೂ ಇದೆ.

ಆದರೆ ಇಂದು ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಎಣ್ಣೆಯ ಬಗ್ಗೆಯಲ್ಲ, ಟ್ಯಾಂಕಿನ ಬಗ್ಗೆ. ನೀರು ಕೆಟ್ಟರೆ ನಿಧಾನವಾಗಿ ಕೆಡುತ್ತದೆ. ಟ್ಯಾಂಕು ಒಂದು ಕ್ಷಣದಲ್ಲಿ ಮನುಷ್ಯನನ್ನು ಕೊಲ್ಲುತ್ತದೆ.

ಆ ಗುಜರಿ ಅಂಗಡಿಯಲ್ಲಿ ಕೆಲಸ ಮಾಡುವವರು ಯಾರು? ನಮ್ಮ ಮಕ್ಕಳೇ. ಶಾಲೆ ಬಿಟ್ಟ ಹದಿನೇಳು ಹದಿನೆಂಟರ ಹುಡುಗರು. ಕೈಯಲ್ಲಿ ಗ್ಯಾಸ್ ಕಟರ್, ಕಾಲಲ್ಲಿ ಹವಾಯಿ ಚಪ್ಪಲಿ. ಟ್ಯಾಂಕ್ ಅಂಗಡಿಗೆ ಬಂದ ಕೂಡಲೇ ಅದನ್ನು ಕತ್ತರಿಸಿ ತಗಡು ಮಾಡುವುದು ಇವರ ಕೆಲಸ. ಖಾಲಿ ಟ್ಯಾಂಕಿನಲ್ಲಿ ಏನಿದೆ ಮಹಾ ಎಂದು ನಾವು ಅಂದುಕೊಳ್ಳುತ್ತೇವೆ. ವಾಸ್ತವ ಇದಕ್ಕೆ ತದ್ವಿರುದ್ಧ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಹೆಚ್ಚು ಅಪಾಯಕಾರಿ. ಯಾಕೆಂದರೆ ಹೊತ್ತಿಕೊಳ್ಳುವುದು ಎಣ್ಣೆಯಲ್ಲ, ಎಣ್ಣೆಯ ಆವಿ. ತುಂಬಿದ ಟ್ಯಾಂಕಿನಲ್ಲಿ ಆವಿಗೂ ಗಾಳಿಗೂ ಜಾಗವಿಲ್ಲ. ಖಾಲಿಯಾದದ್ದರಲ್ಲಿ ಗೋಡೆಗೆ ಅಂಟಿದ ಎಣ್ಣೆ, ತಳದ ರಾಡಿ ಆವಿಯಾಗಿ ಗಾಳಿಯೊಂದಿಗೆ ಬೆರೆತಿರುತ್ತದೆ. ನಮ್ಮ ದೇಶದ ಮಾನಕದ ಪ್ರಕಾರ ಸೀಮೆಎಣ್ಣೆಯಾಗಲಿ ಡೀಸೆಲ್ಲಾಗಲಿ 35 ಡಿಗ್ರಿವರೆಗೆ ಬೆಂಕಿ ಹಿಡಿಯುವಷ್ಟು ಆವಿ ಬಿಡಬಾರದು. ಏಪ್ರಿಲ್ ಬಿಸಿಲಲ್ಲಿ ಶೀಟಿನ ಮಾಡಿನ ಕೆಳಗಿನ ಕಬ್ಬಿಣದ ಟ್ಯಾಂಕ್ ಎಷ್ಟು ಕಾಯುತ್ತದೆಂದು ಕೈಯಿಟ್ಟು ನೋಡಿದವರಿಗೆ ಗೊತ್ತು. ಇನ್ನು ಕಟರಿನ ಜ್ವಾಲೆ ತಗುಲಿದ ಜಾಗದಲ್ಲಿ ಒಳಗಿನ ರಾಡಿ ಅಲ್ಲೇ ಕುದಿದು ಆವಿಯಾಗುತ್ತದೆ. ಆಮೇಲೆ ಅದು ಟ್ಯಾಂಕಲ್ಲ, ಬಾಂಬು.

ಸಹೀಹ್ ಮುಸ್ಲಿಮ್‌ನಲ್ಲಿ ಒಂದು ಘಟನೆ ಇದೆ. ಪ್ರವಾದಿ(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರ ಬಳಿ ಹೋದರು. ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ಒದ್ದೆ ತಗುಲಿತು. ಇದೇನೆಂದು ವ್ಯಾಪಾರಿಯನ್ನು ಕೇಳಿದರು. ಮಳೆಗೆ ನೆನೆಯಿತು ಎಂದನವನು. ಹಾಗಾದರೆ ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೆ ಯಾಕೆ ಇಡಲಿಲ್ಲ ಎಂದು ಪ್ರಶ್ನಿಸಿ, ಮೋಸ ಮಾಡುವವನು ತನ್ನವನಲ್ಲ ಎಂದರು. ಆ ವ್ಯಾಪಾರಿ ಸುಳ್ಳು ಹೇಳಿರಲಿಲ್ಲ, ಸುಮ್ಮನಿದ್ದ ಅಷ್ಟೇ. ಒದ್ದೆ ಧಾನ್ಯ ಕೊಂಡವನಿಗೆ ಆಗುವ ನಷ್ಟ ನಾಲ್ಕು ದಿರ್ಹಮ್. ನಮ್ಮ ಟ್ಯಾಂಕಿನ ಒಳಗಿರುವ ವಿಷಯವನ್ನು ಮುಚ್ಚಿಟ್ಟರೆ ಒಂದು ತಾಯಿಯ ಮಗ ಹೋಗುತ್ತಾನೆ. "ಗುಜರಿಯವನಿಗೆ ಗೊತ್ತಿರಬೇಕಲ್ಲ, ಅದು ಅವನ ಕಸುಬು" ಎಂದು ಜಾರಿಕೊಳ್ಳಬೇಡಿ. ಕೊಂಡವನಿಗೆ ಗೊತ್ತಿರಬಹುದು. ಮೂರು ಕೈ ದಾಟಿ ಅದು ತಲುಪುವ ಹುಡುಗನಿಗೆ ಗೊತ್ತಿರುವುದಿಲ್ಲ. ನೀರಿನ ಟ್ಯಾಂಕೋ ಡೀಸೆಲ್ ಟ್ಯಾಂಕೋ ಎಂದು ಅವನಿಗೆ ಯಾರು ಹೇಳಬೇಕು?

ಆದ್ದರಿಂದ ನಾನು ಒಂದು ಸಣ್ಣ ಕೆಲಸ ಹೇಳುತ್ತೇನೆ. ಮಾರುವ ಮೊದಲು ಟ್ಯಾಂಕಿನ ಎರಡೂ ಬದಿಗೆ ಕೆಂಪು ಬಣ್ಣದಲ್ಲಿ ಕನ್ನಡದಲ್ಲೂ ಉರ್ದುವಿನಲ್ಲೂ ದೊಡ್ಡದಾಗಿ ಬರೆಯಿರಿ: ಇದರಲ್ಲಿ ಡೀಸೆಲ್ ಇತ್ತು, ಬೆಂಕಿ ತಾಗಿಸಬೇಡಿ. ಅದಕ್ಕೆ ಒಂದು ಬ್ರಶ್ಶು, ಅರ್ಧ ಡಬ್ಬಿ ಬಣ್ಣ ಸಾಕು. ಕೊಳ್ಳುವವನಿಗೆ ಬಾಯಲ್ಲೂ ಹೇಳಿ, ಒಬ್ಬರು ಸಾಕ್ಷಿಯಿರಲಿ. ಇದನ್ನು ಕೇಳಿ ಅವನು ಕೆ.ಜಿ.ಗೆ ಎರಡು ರೂಪಾಯಿ ಕಡಿಮೆ ಕೊಟ್ಟರೆ ತಗೊಳ್ಳಿ. ಆ ಹಣ ಹಲಾಲ್ ಆಗಿರುತ್ತದೆ.

ಟ್ಯಾಂಕನ್ನು ನೀವೇ ಕತ್ತರಿಸಲು, ವೆಲ್ಡಿಂಗ್ ಮಾಡಲು ಹೋಗಬೇಡಿ. ಒಂದು ಸಲ ನೀರು ಹಾಕಿ ತೊಳೆದೆ, ಇನ್ನೇನಿಲ್ಲ ಎಂಬುದು ಭ್ರಮೆ. ಮಡಿಕೆಗಳಲ್ಲಿ, ತುಕ್ಕಿನ ಪದರದಲ್ಲಿ ಎಣ್ಣೆ ಉಳಿದೇ ಇರುತ್ತದೆ. ತಿಳಿದ ಕೆಲಸಗಾರರು ಹಬೆಯಿಂದ ಶುದ್ಧ ಮಾಡಿ, ಆವಿ ಇಲ್ಲವೆಂದು ಪರೀಕ್ಷಿಸಿ, ಆಮೇಲೆ ಕತ್ತರಿಸುತ್ತಾರೆ. ಶಾದಿ ಮಹಲು, ಫ್ಯಾಕ್ಟರಿಗಳ ದೊಡ್ಡ ಟ್ಯಾಂಕಾಗಿದ್ದರೆ ತಳದ ರಾಡಿ ಬಾಚಲು ಯಾವ ಹುಡುಗನನ್ನೂ ಒಳಗೆ ಇಳಿಸಬೇಡಿ. ಒಳಗೆ ಉಸಿರಾಡಲು ಗಾಳಿ ಇರುವುದಿಲ್ಲ. ಬಿದ್ದವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ಮ್ಯಾನ್‌ಹೋಲುಗಳಲ್ಲಿ ಹೀಗೆ ಸತ್ತವರ ಸುದ್ದಿಯನ್ನು ನಾವು ಎಷ್ಟು ಸಲ ಓದಿಲ್ಲ? ಇನ್ನೊಂದು, ಬೇಸಿಗೆಯಲ್ಲಿ ನೀರಿನ ಕೊರತೆಯಾದಾಗ ಎಣ್ಣೆಯ ಡ್ರಮ್ಮನ್ನೇ ಉಜ್ಜಿ ತೊಳೆದು ಕುಡಿಯುವ ನೀರು ತುಂಬಿಸುವವರಿದ್ದಾರೆ. ಅದು ಬೇಡ. ಎಷ್ಟು ಉಜ್ಜಿದರೂ ಆ ಡ್ರಮ್ಮು ನೀರಿನ ಪಾತ್ರೆಯಾಗುವುದಿಲ್ಲ.

ಒಳಗಿರುವ ಎಣ್ಣೆಗೆ ಏನು ಮಾಡಬೇಕು? ತುಪ್ಪದ ಹದೀಸಿನ ದಾರಿ ಇಲ್ಲಿಯೂ ನಡೆಯುತ್ತದೆ. ಹಳೆಯ ಡೀಸೆಲ್ಲಿನ ತಳದಲ್ಲಿ ನೀರು ಸೇರಿರುತ್ತದೆ, ನೀರು ಮತ್ತು ಡೀಸೆಲ್ ಕೂಡುವಲ್ಲಿ ಲೋಳೆ ಬೆಳೆಯುತ್ತದೆ. ಅದನ್ನು ಕಲಕಬೇಡಿ. ಮೇಲಿನ ತಿಳಿಯನ್ನು ಕೈಪಂಪಿನಿಂದ ಮೆಲ್ಲಗೆ ತೆಗೆದು ಸೋಸಿದರೆ, ಟ್ರ್ಯಾಕ್ಟರ್ ಇರುವ ಯಾರಾದರೂ ಸಂತೋಷದಿಂದ ಒಯ್ಯುತ್ತಾರೆ, ಅದು ಹಳೆಯದು ಎಂದು ಹೇಳಿಯೇ ಕೊಡಿ. ತಳದ ರಾಡಿಯನ್ನು ಬೇರೆ ಕ್ಯಾನಿಗೆ ಹಾಕಿ ಮುಚ್ಚಿ. ಇಂಜಿನ್ನಿನ ಕಪ್ಪು ಆಯಿಲ್ಲಿಗೆ ಮತ್ತೊಂದು ಕ್ಯಾನ್. ಎರಡನ್ನೂ ಬೆರೆಸಬೇಡಿ, ಥಿನ್ನರ್, ನೀರು, ಪೇಂಟ್ ಯಾವುದನ್ನೂ ಕೂಡಿಸಬೇಡಿ. ಬೆರಕೆಯಾದರೆ ಅದನ್ನು ಶುದ್ಧೀಕರಿಸುವವರು ಮುಟ್ಟುವುದಿಲ್ಲ. ಕಪ್ಪು ಆಯಿಲ್ ಕಸವಲ್ಲ, ಅದನ್ನು ಶುದ್ಧಗೊಳಿಸಿ ಮತ್ತೆ ಎಣ್ಣೆ ಮಾಡುವ ಕಾರ್ಖಾನೆಗಳಿವೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಂತೆ ಪರವಾನಗಿ ಪಡೆದವರಿಗೆ ಮಾತ್ರ ಅದನ್ನು ಕೊಡಬೇಕು. 2024ರ ಏಪ್ರಿಲ್‌ನಿಂದ ಎಣ್ಣೆ ತಯಾರಿಸುವ ಕಂಪನಿಗಳಿಗೂ ಬಳಸಿದ ಎಣ್ಣೆಯ ಹೊಣೆ ಹೊರಿಸಲಾಗಿದೆ. ಯಾರಿಗೆ ಪರವಾನಗಿ ಇದೆ ಎಂಬುದನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಕೇಳಿ ತಿಳಿಯಬಹುದು.

ಒಬ್ಬರ ಎರಡು ಕ್ಯಾನಿಗಾಗಿ ಯಾರೂ ಲಾರಿ ಕಳುಹಿಸುವುದಿಲ್ಲ, ನಿಜ. ಅದಕ್ಕೇ ಇದು ಮಹಲ್ಲಾದ ಕೆಲಸ. ಒಂದು ಬೀದಿಯ ಹತ್ತು ಶೆಡ್ಡು, ಐದು ಗ್ಯಾರೇಜು ಸೇರಿ ಒಂದು ಡ್ರಮ್ ಇಟ್ಟರೆ ತುಂಬಲು ಎಷ್ಟು ದಿನ ಬೇಕು? ತುಂಬಿದ ಡ್ರಮ್ಮಿಗೆ ಬೆಲೆಯೂ ಸಿಗುತ್ತದೆ. ಗ್ಯಾರೇಜಿನ ಸಹೋದರರಲ್ಲಿ ಒಂದು ವಿನಂತಿ: ಗೆದ್ದಲು ಬರದಂತೆ ಬಾಗಿಲಿಗೆ ಬಳಿಯಲು, ಹಸುವಿನ ಕಜ್ಜಿಗೆ ಹಚ್ಚಲು, ಹಂಡೆ ಒಲೆ ಹೊತ್ತಿಸಲು ಎಂದು ಕೇಳಿ ಬರುವವರಿಗೆ ಕಪ್ಪು ಆಯಿಲ್ ಕೊಡಬೇಡಿ. ಅದರಲ್ಲಿ ಇಂಜಿನ್ ಸವೆದ ಲೋಹವಿದೆ, ಸುಟ್ಟ ವಿಷವಿದೆ. ಇಲ್ಲ ಅನ್ನುವುದು ಸಂಕೋಚವೆನಿಸಬಹುದು. ಆದರೂ ಇಲ್ಲ ಅನ್ನಿ.

ಪರದೆಯ ಆ ಬದಿಯಲ್ಲಿ ಕೇಳುತ್ತಿರುವ ತಾಯಂದಿರಿಗೂ ಸಹೋದರಿಯರಿಗೂ ಒಂದು ಮಾತು. ಉಳಿದ ಸೀಮೆಎಣ್ಣೆಯನ್ನು ನೀರಿನ ಬಾಟಲಿಗೆ, ಜ್ಯೂಸ್ ಬಾಟಲಿಗೆ ತುಂಬಿಡಬೇಡಿ. ಬಾಯಾರಿದ ಮಗು ಬಾಟಲಿ ನೋಡುತ್ತದೆ, ಒಳಗೇನಿದೆ ನೋಡುವುದಿಲ್ಲ. ಅಕಸ್ಮಾತ್ ಮಗು ಕುಡಿದುಬಿಟ್ಟರೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ, ಉಪ್ಪುನೀರು ಕುಡಿಸಬೇಡಿ. ನಮ್ಮ ಅಜ್ಜಿಯರು ಪ್ರೀತಿಯಿಂದಲೇ ಹಾಗೆ ಮಾಡುತ್ತಿದ್ದರು, ಆದರೆ ವಾಂತಿಯಾಗುವಾಗ ಸೀಮೆಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅದೇ ಪ್ರಾಣಕ್ಕೆ ಮುಳುವು. ಎಣ್ಣೆ ತಾಗಿದ ಬಟ್ಟೆ ತೆಗೆದು, ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ಅಟ್ಟದ ಮೇಲಿನ ಆ ಕ್ಯಾನನ್ನು ಈ ವಾರವೇ ಕೆಳಗಿಳಿಸಿ. ಸೀಮೆಎಣ್ಣೆ ತಿಳಿಯಾಗಿದ್ದರೆ ಗ್ಯಾರೇಜಿನವರಿಗೆ ಕೊಡಿ, ಯಂತ್ರದ ಭಾಗ ತೊಳೆಯಲು ಅವರಿಗೆ ಬೇಕಾಗುತ್ತದೆ. ತೊಳೆದ ಮೇಲೆ ಅದನ್ನು ಅವರೂ ಮೋರಿಗೆ ಚೆಲ್ಲಬಾರದು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಇನ್ನು ನಮ್ಮ ಮಸೀದಿಯ ವಿಷಯ. ಆ ಯುವಕನ ಪ್ರಶ್ನೆ ತಲೆಯಲ್ಲಿ ಇಟ್ಟುಕೊಂಡು ಮರುದಿನ ಫಜ್ರ್‌ಗೆ ಬಂದಾಗ ವುಝೂಖಾನೆಯ ಹಿಂದೆ ಕಣ್ಣು ಹೋಯಿತು. ನಮ್ಮದೇ ಹಳೆಯ ಜನರೇಟರಿನ ಡೀಸೆಲ್ ಡ್ರಮ್ಮು ಅಲ್ಲಿ ನಿಂತಿದೆ. ಇನ್ವರ್ಟರ್ ಬಂದ ಮೇಲೆ ಅದನ್ನು ಯಾರೂ ತಿರುಗಿ ನೋಡಿಲ್ಲ. ಅದರ ತಳ ಒದ್ದೆಯಾಗಿದೆ, ಪಕ್ಕದ ಮಣ್ಣು ಕಪ್ಪಾಗಿದೆ. ನಮ್ಮ ಬೋರ್‌ವೆಲ್ ಅಲ್ಲಿಂದ ಹತ್ತು ಹನ್ನೆರಡು ಹೆಜ್ಜೆ. ದಿನಕ್ಕೆ ಐದು ಸಲ ಅದರ ಪಕ್ಕದಲ್ಲೇ ಹಾದುಹೋಗುವ ನಾನು ಮಿಂಬರಿನ ಮೇಲೆ ನಿಂತು ಯಾರಿಗೆ ಏನು ಹೇಳಲಿ? ನಾಚಿಕೆಯಿಂದಲೇ ಹೇಳುತ್ತಿದ್ದೇನೆ.

ಮುತವಲ್ಲಿ ಸಾಹೇಬರೊಂದಿಗೆ ಮಾತಾಡಿದ್ದೇನೆ. ಬರುವ ಭಾನುವಾರ ಅಸರ್ ನಮಾಝಿನ ನಂತರ ಆ ಡ್ರಮ್ಮಿನ ಎಣ್ಣೆ ತೆಗೆಯುತ್ತೇವೆ. ಕೈಪಂಪು, ಮುಚ್ಚಳವಿರುವ ಕ್ಯಾನುಗಳಿದ್ದವರು ತನ್ನಿ. ಬೀಡಿ ಸಿಗರೇಟು ಸೇದುವವರು ಆ ಹೊತ್ತು ಗೇಟಿನಿಂದ ಹೊರಗಿರಿ. ಚೆಲ್ಲಿದ ಎಣ್ಣೆಯನ್ನು ಹೀರಿಸಲು ಮರದ ಪುಡಿ ಬೇಕು. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಸಹೋದರರೊಬ್ಬರು ಎರಡು ಚೀಲ ಕೊಡಲು ಒಪ್ಪಿದ್ದಾರೆ, ತರಲು ಯಾರದಾದರೂ ಆಟೋ ಬೇಕಾಗಿದೆ. ಎಣ್ಣೆ ಕುಡಿದ ಪುಡಿಯನ್ನೂ ಕಪ್ಪಾದ ಮಣ್ಣನ್ನೂ ಕಸದ ರಾಶಿಗೆ ಹಾಕದೆ ಬೇರೆ ಚೀಲದಲ್ಲಿ ಕಟ್ಟಿ, ಎಲ್ಲಿಗೆ ಒಪ್ಪಿಸಬೇಕೆಂದು ನಗರಸಭೆಯವರನ್ನು ಕೇಳುತ್ತೇವೆ. ಡ್ರಮ್ಮಿನ ಮೇಲೆ ಉರ್ದುವಿನಲ್ಲಿ ನಾನು ಬರೆಯುತ್ತೇನೆ. ಕನ್ನಡದಲ್ಲಿ ಬರೆಯಲು ಅಕ್ಷರ ಚೆನ್ನಾಗಿರುವ ಒಬ್ಬ ಹುಡುಗ ಬೇಕು. ಪ್ರಶ್ನೆ ಕೇಳಿದ ಆ ಯುವಕ ಇಲ್ಲೇ ಮೂರನೇ ಸಾಲಿನಲ್ಲಿ ಕುಳಿತಿದ್ದಾನೆ. ಅವನು ಬರೆಯಲು ಒಪ್ಪಿದರೆ ಅವನ ಟ್ಯಾಂಕಿನ ಮೇಲೂ ಅದೇ ದಿನ ಬರೆದುಬಿಡೋಣ.